ಕರೆಂಟ್ ಕಳ್ಳತನ: ಮೊದಲ ಸಲ ಹಣ ಕಟ್ಟಿಸಿ ಬಿಡಬಹುದೇ?

2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಕರೆಂಟ್ ಕದ್ದರೆ 3 ವರ್ಷದವರೆಗೆ ಜೈಲು, ದಂಡ, ಇಲ್ಲವೇ ಎರಡೂ. ಆದರೆ 152ನೇ ಸೆಕ್ಷನ್ ಒಂದು ದಾರಿ ಬಿಟ್ಟಿದೆ. ನಿಗದಿತ ಹಣ ಕಟ್ಟಿ ಕೇಸು ಮುಗಿಸಿಕೊಳ್ಳಬಹುದು, ಒಂದೇ ಒಂದು ಸಲ.

ಪರ: ಬಿಡಬಹುದು

ಕಾರ್ಕಳದ ಕಡೆಯ ಒಂದು ಮನೆ ಅಂತ ಎಣಿಸಿ. ಅಂಗಳದಲ್ಲಿ ಭೂತಕೋಲ. ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಲಿಲ್ಲ, ಮೀಟರಿಗಿಂತ ಹಿಂದಿನ ವಯರಿನಿಂದಲೇ ಚಪ್ಪರಕ್ಕೆ ಲೈಟು ಎಳೆದರು. ತಪ್ಪೇ, ಅನುಮಾನವಿಲ್ಲ. ಹಾಗಂತ ಆ ಮನೆಯ ಯಜಮಾನರನ್ನು ವಿಶೇಷ ಕೋರ್ಟಿಗೆ ಅಲೆಸಬೇಕಾ? 2007ರ ತಿದ್ದುಪಡಿಯಿಂದ ಇದು ಜಾಮೀನು ರಹಿತ ಅಪರಾಧ. ಅಕ್ರಮ ವಯರು ಸಿಕ್ಕರೆ ಕಾಯ್ದೆ ಕಳ್ಳತನ ಅಂತಲೇ ಹಿಡಿಯುತ್ತದೆ, ಅಲ್ಲ ಅಂತ ತೋರಿಸುವ ಹೊರೆ ಮನೆಯವರದ್ದು. ಬಾಡಿಗೆಗೆ ಬಂದವರಿಗೆ ಹಿಂದಿನವರು ಮಾಡಿಟ್ಟದ್ದು ಗೊತ್ತೇ ಇರಲಿಕ್ಕಿಲ್ಲ.

ಕಾಯ್ದೆಯ ಪಟ್ಟಿಯಲ್ಲಿ ಮನೆಗಳಿಗೆ ಕಿಲೋವ್ಯಾಟಿಗೆ 4,000 ರೂಪಾಯಿ. 2 ಕಿಲೋವ್ಯಾಟಿನ ಮನೆಗೆ 8,000. ಕದ್ದ ಯೂನಿಟ್ಟಿನ ಬಿಲ್ಲು ಬೇರೆ. ಕರೆಂಟ್ ಕೊಡುವ ಕಂಪನಿ ಮೆಸ್ಕಾಂಗೂ ದುಡ್ಡು ಬೇಗ ಬರುತ್ತದೆ.

ವಿರೋಧ: ಬಿಡಬಾರದು

ಬಡವರ ಹೆಸರು ಹೇಳಿ ಈ ಸೆಕ್ಷನ್ ಸಮರ್ಥಿಸುವುದು ಈಗ ಕಷ್ಟ. 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ಬಿಲ್ಲಿಲ್ಲ. 2023ರಿಂದ ಮನೆಗಳಿಗೆ ಉಚಿತ ಕರೆಂಟಿನ ಗೃಹಜ್ಯೋತಿ ಇದೆ. ಲಾಭ ಯಾರಿಗೆ ನೋಡಿ. ವಾಣಿಜ್ಯ ಬಳಕೆಗೆ ಕಿಲೋವ್ಯಾಟಿಗೆ 10,000 ರೂಪಾಯಿ. 10 ಕಿಲೋವ್ಯಾಟಿನ ಎಸಿ ಅಂಗಡಿಗೆ ಒಂದು ಲಕ್ಷ. ಚೆನ್ನಾಗಿ ನಡೆಯುವ ಅಂಗಡಿಗೆ ಅದು ವ್ಯಾಪಾರದ ಖರ್ಚು, ಅಷ್ಟೇ. ಕಟ್ಟಿದರೆ ಕಾನೂನಿನ ಲೆಕ್ಕದಲ್ಲಿ ಅದು ಖುಲಾಸೆ! ಪ್ರಾಮಾಣಿಕವಾಗಿ ಬಿಲ್ಲು ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇಕಾ?

ನನ್ನನ್ನು ನಿಜವಾಗಿ ಹೆದರಿಸುವುದು ಹಂದಿ ಬೇಲಿ. ಬಿದಿರ ಕೋಲಿನಿಂದ ಲೈನಿಗೆ ಸಿಕ್ಕಿಸಿದ ಒಂದು ವಯರು, ಕತ್ತಲಲ್ಲಿ ಗದ್ದೆಯ ಅಂಚಿಗೆ ಮೊಣಕಾಲೆತ್ತರದ ಬರಿಯ ತಂತಿ. ತುಳುವಿನ ಆಟಿ ತಿಂಗಳ ಮಳೆಯಲ್ಲಿ ನೆಲವೆಲ್ಲ ಒದ್ದೆ. ಬೆಳಿಗ್ಗೆ ಆ ಹುಣಿಯಲ್ಲಿ, ಅಂದರೆ ಗದ್ದೆಯ ಬದುವಿನಲ್ಲಿ, ಹಂದಿ ಮಾತ್ರ ಬರುವುದಲ್ಲ, ದನ ಬರುತ್ತದೆ, ಹಾಲು ಕೊಡಲು ಹೋಗುವ ನೆರೆಮನೆಯವರು ಬರುತ್ತಾರೆ. ಪ್ರಾಣ ಹೋದರೆ ಬೇರೆ ಕೇಸು ಇದೆ, ನಿಜ. ಹೋಗುವ ಮೊದಲೇ ಸಿಕ್ಕಿಬಿದ್ದವನು ಕೃಷಿ ಲೆಕ್ಕದ 2,000ದ ದರದಲ್ಲಿ ಕಟ್ಟಿ ಮನೆಗೆ ಹೋಗಬಹುದು. ಹಣ ಒಪ್ಪಬಹುದು ಅಂತ ಕಾಯ್ದೆಯಲ್ಲಿದೆ, ಒಪ್ಪಲೇಬೇಕು ಅಂತಿಲ್ಲ. ಕನಿಷ್ಠ ಬೇಲಿ ಕೇಸುಗಳಲ್ಲಾದರೂ ಅಧಿಕಾರಿಗಳು ಒಪ್ಪಬಾರದು.