ಸೀರೆ ಬಣ್ಣ ಬಿಡ್ತೇನವಾ?

ಒಂದೇ ಸೀರೆ, ಒಂದೇ ಬಾಲ್ಕನಿ, ಒಂದೇ ಫೋನು. ಉಟ್ಟವರು ಮಾತ್ರ ಇಬ್ಬರು.

ಹೋದ ಸಂಕ್ರಾಂತಿಗೆ ಚಿಕ್ಕಮ್ಮನ ಮಗಳು ನಮ್ಮ ಮನೆಗೆ ಬಂದಿದ್ದಳು. ನನ್ನ ಹತ್ತಿರ ಒಂದು ಚಂದ್ರಕಾಳಿ ಇದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇಳಕಲ್ಲಿನ ಕಪ್ಪು ಸೀರೆ ಅದು. ಒಡಲು ಕಾಡಿಗೆ ಹಾಗೆ ಕಪ್ಪು, ಸೆರಗು ಕೆಂಪು, ಅದರಲ್ಲಿ ಬಿಳಿ ತೆನೆ. ಬೆಳಿಗ್ಗೆ ನಾನು ಉಟ್ಟೆ, ಮಧ್ಯಾಹ್ನ ಅವಳು ಆಸೆಪಟ್ಟು ಉಟ್ಟಳು. ಇಬ್ಬರ ಫೋಟೋನೂ ನಾನಿರುವ ಸೀರೆ ಗ್ರೂಪಿಗೆ ಹಾಕಿದೆ.

ಅವಳಿಗೆ ಬಂದ ಕಾಮೆಂಟುಗಳು: ಗೊಂಬೆ ಥರ ಇದ್ದೀರ, ಲಕ್ಷ್ಮೀ ಕಳೆ, ದೃಷ್ಟಿ ತೆಗೆಸಿಕೊಳ್ಳಿ. ನನಗೆ ಬಂದವು: ಸೀರೆ ಸೂಪರ್, ಎಲ್ಲಿ ಸಿಗುತ್ತೆ? ಎಷ್ಟು? ಬೇರೆ ಕಲರ್ ಇದೆಯಾ ಅಕ್ಕ?

ಅವಳು ಸೀರೆ ಉಟ್ಟ ಹುಡುಗಿ. ನಾನು ಸೀರೆ ನೇತುಹಾಕಿದ ಹ್ಯಾಂಗರು!

ಅವಳು ಬೆಳ್ಳಗಿದ್ದಾಳೆ, ನಾನು ಎಣ್ಣೆಗಪ್ಪು. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು, ನಗು ಚೆನ್ನಾಗಿದೆ, ಅದೂ ನಿಜ. ಎಲ್ಲ ಲೈಕೂ ಬಣ್ಣಕ್ಕೇ ಬಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಆರು ವರ್ಷದಿಂದ ಈ ಗ್ರೂಪುಗಳಲ್ಲಿದ್ದೇನೆ. ‘ಇಲ್ಲಿ ಸೀರೆ ಮುಖ್ಯ, ಉಟ್ಟವರಲ್ಲ’ ಅಂತ ಎಲ್ಲ ಗ್ರೂಪಿನಲ್ಲೂ ಬರೆದಿರುತ್ತಾರೆ. ಕವರ್ ಫೋಟೋದಲ್ಲಿ ನನ್ನ ಬಣ್ಣದವಳು ಬಂದದ್ದನ್ನು ಇವತ್ತಿನವರೆಗೂ ನೋಡಿಲ್ಲ.

ಯಾರೂ ಬೈಯುವುದಿಲ್ಲ, ಅದೇ ತಮಾಷೆ. ಬೈದರೆ ಬ್ಲಾಕ್ ಮಾಡಬಹುದು. ಇಲ್ಲಿ ಎಲ್ಲರೂ ಒಳ್ಳೆಯವರೇ. ‘ಕಪ್ಪಾದರೂ ಕಸ್ತೂರಿ’ ಅನ್ನುತ್ತಾರೆ, ಆ ‘ಆದರೂ’ ಅವರಿಗೆ ಕೇಳಿಸುವುದೇ ಇಲ್ಲ. ‘ಡಸ್ಕಿ ಬ್ಯೂಟಿ’ ಅನ್ನುತ್ತಾರೆ. ಬೆಳ್ಳಗಿರುವವಳು ಬರೀ ಬ್ಯೂಟಿ, ನಮಗೆ ಮಾತ್ರ ಹಿಂದೊಂದು ಬಾಲ. ‘ಎಷ್ಟು ಧೈರ್ಯವಾಗಿ ಹಳದಿ ಉಟ್ಟಿದ್ದೀರ’ ಅಂತ ಒಬ್ಬರು ಮೆಚ್ಚಿಕೊಂಡಿದ್ದರು. ಹಳದಿ ಸೀರೆ ಉಡೋಕೆ ಧೈರ್ಯ ಯಾಕೆ ಬೇಕು ಹೇಳಿ?

ನಾನೇನು ಸಾಚಾ ಅಲ್ಲ. ಒಂದು ಸಲ ಆ್ಯಪಿನಲ್ಲಿ ಮುಖವನ್ನು ‘ಸ್ವಲ್ಪ ಬ್ರೈಟ್’ ಮಾಡಿ ಹಾಕಿದ್ದೆ. ಲೈಕು ಜಾಸ್ತಿ ಬಂತು, ಸುಳ್ಳು ಹೇಳಲ್ಲ. ಸಂಜೆ ಧಾರವಾಡದಿಂದ ಅವ್ವನ ಫೋನು. “ಯಾಕವಾ, ಸೀರಿ ಬಣ್ಣ ಬಿಡ್ತೇನು? ಒಂದ ಸಲಾ ಉಟ್ಟೀಯಲಾ, ಇಷ್ಟ ಲಗೂ ಮಾಸೇತಿ?” ನನ್ನ ಮುಖ ಬೆಳಗಿಸಲು ಹೋಗಿ ಸೀರೆಯ ದಾಳಿಂಬೆ ಕೆಂಪು ತೊಳೆದಿಟ್ಟ ಗುಲಾಬಿ ಆಗಿತ್ತು. ಮುಖದ ಸುದ್ದಿ ಅವ್ವ ಎತ್ತಲಿಲ್ಲ. ಅಂಗಡಿಯವನಿಗೆ ಮೋಸಗಾರ ಅಂತ ಬೈದಳು. ಪಾಪ, ಅವನದೇನೂ ತಪ್ಪಿರಲಿಲ್ಲ.

ಆಮೇಲೆ ಇದರ ಬಗ್ಗೆ ಓದುತ್ತ ಹೋದೆ. ಈ ರೋಗ ಹಳೆಯದು, ನಮ್ಮ ಊರಿನದಷ್ಟೇ ಅಲ್ಲ. ರೀಲು ಫಿಲ್ಮಿನ ಕಾಲದಲ್ಲಿ ಲ್ಯಾಬಿನವರು ಬಣ್ಣ ಸರಿ ಬಂದಿದೆಯಾ ಅಂತ ನೋಡಲು ಕೊಡಾಕ್ ಕಂಪನಿ ಕಳಿಸಿದ ಒಂದು ಕಾರ್ಡ್ ಇಟ್ಟುಕೊಳ್ಳುತ್ತಿದ್ದರು. ಅದರ ಹೆಸರೇ ಶರ್ಲಿ ಕಾರ್ಡ್. ಅದರಲ್ಲಿ ಬಿಳಿ ಹೆಂಗಸೊಬ್ಬಳ ಫೋಟೋ. ಅವಳ ಚರ್ಮ ಸರಿ ಕಂಡರೆ ಎಲ್ಲ ಸರಿ. ಕಪ್ಪು ಮಕ್ಕಳು ಗ್ರೂಪ್ ಫೋಟೋದಲ್ಲಿ ಬರೀ ಕಣ್ಣು, ಹಲ್ಲು ಆಗಿ ಉಳಿದರು. ಮುಂದೆ ಕಂಪನಿ ಫಿಲ್ಮ್ ಸುಧಾರಿಸಲು ಒಂದು ಕಾರಣ ಏನು ಗೊತ್ತಾ? ಚಾಕೊಲೇಟ್ ಮಾಡುವವರು ಮತ್ತು ಮರದ ಪೀಠೋಪಕರಣ ಮಾರುವವರು ದೂರು ಕೊಟ್ಟಿದ್ದರು, ಕಂದು ಬಣ್ಣಗಳು ಸರಿಯಾಗಿ ಬೇರೆ ಬೇರೆ ಕಾಣುತ್ತಿಲ್ಲ ಅಂತ. ಮೇಜಿಗೆ ಸಿಕ್ಕ ನ್ಯಾಯ ಮನುಷ್ಯರಿಗೆ ಸಿಕ್ಕಿರಲಿಲ್ಲ.

2017ರಲ್ಲಿ ಫೇಸ್‌ಆ್ಯಪ್‌ನಲ್ಲಿ ‘ಹಾಟ್’ ಅಂತ ಒಂದು ಫಿಲ್ಟರ್ ಇತ್ತು. ಒತ್ತಿದರೆ ಮುಖ ಬೆಳ್ಳಗಾಗುತ್ತಿತ್ತು. ಜನ ಉಗಿದ ಮೇಲೆ ಕಂಪನಿ ಕ್ಷಮೆ ಕೇಳಿತು. ಯಂತ್ರಕ್ಕೆ ಕಲಿಸಲು ಕೊಟ್ಟ ಫೋಟೋಗಳೇ ಒಂದು ಕಡೆ ವಾಲಿದ್ದವು ಅಂತ ಒಪ್ಪಿಕೊಂಡಿತು. ಚಂದ ಅಂದರೆ ಏನು ಅಂತ ಅದಕ್ಕೆ ಹೇಳಿಕೊಟ್ಟವರು ಮನುಷ್ಯರೇ ತಾನೆ.

ನಮ್ಮಲ್ಲಿ ಫೇರ್ ಅಂಡ್ ಲವ್ಲಿ ಬಂದದ್ದು 1975ರಲ್ಲಿ. 2020ರಲ್ಲಿ ಅಮೆರಿಕದಲ್ಲಿ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಕೊಲೆಯಾಗಿ ಜನ ಬೀದಿಗಿಳಿದ ಮೇಲೆ, ಇಲ್ಲಿ ಅದರ ಹೆಸರು ಗ್ಲೋ ಅಂಡ್ ಲವ್ಲಿ ಆಯಿತು. ಅದೇ ವರ್ಷ ಜೂನಿನಲ್ಲಿ ಶಾದಿ ಡಾಟ್ ಕಾಮ್ ಮೈಬಣ್ಣದ ಫಿಲ್ಟರನ್ನು ತೆಗೆಯಿತು. ನಮ್ಮ ಮನೆಗಳ ವಧುಪರೀಕ್ಷೆಯಲ್ಲಿ ಯಾರೂ ಏನೂ ತೆಗೆಯಲಿಲ್ಲ, ಆ ಮಾತು ಬೇರೆ.

ಇನ್ನೊಂದು ವಿಷಯ ಕೊರೆಯುತ್ತಲೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಆ ಹೆಣ್ಣುಮಕ್ಕಳು ಹಳೇ ಸೀರೆ ತುಂಡು ಜೋಡಿಸಿ ಹೊಲಿಯುವ ಕೌದಿ ಈಗ ಭಾರಿ ಫ್ಯಾಷನ್. ನನ್ನ ಫೀಡಿನಲ್ಲಿ ಬಿಳಿ ಸೋಫಾ ಮೇಲೆ ಕೌದಿ, ಬೆಳ್ಳನೆ ಹುಡುಗಿಯ ಹೆಗಲ ಮೇಲೆ ಕೌದಿ. ಹೊಲಿದವಳು ಕಂಡರೆ ಬರೀ ಕೈ ಕಾಣುತ್ತದೆ, ಸೂಜಿ ಹಿಡಿದ ಕೈ. ಒಬ್ಬ ಸಿದ್ದಿ ಹುಡುಗಿ ತಾನೇ ಕೌದಿ ಹೊದ್ದು ಪೋಸು ಕೊಟ್ಟ ಫೋಟೋ ಎಷ್ಟು ನೋಡಿದ್ದೇನೆ ಅಂತ ಲೆಕ್ಕ ಹಾಕಿದೆ. ಒಂದು. ಅದಕ್ಕೆ ನಾನು ಲೈಕು ಕೊಟ್ಟಿರಲಿಲ್ಲ.

ಹೌದು, ಅವತ್ತು ರಾತ್ರಿ ಕೂತು ನನ್ನ ಲೈಕುಗಳನ್ನೇ ಹಿಂದಕ್ಕೆ ಸರಿಸುತ್ತ ನೋಡಿದೆ. ಬೆಳ್ಳಗಿನ ಮುಖಗಳೇ, ಸಾಲಾಗಿ. ನಡುವೆ ಅಲ್ಲೊಂದು ಇಲ್ಲೊಂದು ನನ್ನ ಬಣ್ಣದವರು, ಅವರಲ್ಲೂ ಅರ್ಧ ಜನ ಗೆಳತಿಯರು. ಬೆರಳು ತನ್ನಷ್ಟಕ್ಕೆ ಒತ್ತಿಬಿಟ್ಟಿದೆ. ಅದಕ್ಕೆ ಯಾರು ಕಲಿಸಿದರು ಅಂತ ಬೇರೆಯವರನ್ನು ಕೇಳೋಕೆ ಬಾಯಿ ಬರಲಿಲ್ಲ.

ಫೋನಿನ ಸೆಟ್ಟಿಂಗ್ಸ್ ತೆಗೆದೆ. ಸೆಲ್ಫಿ ಕ್ಯಾಮೆರಾದಲ್ಲಿ ‘ಬ್ಯೂಟಿ’ ಅಂತ ಒಂದು ಇತ್ತು, ನಾನು ಮುಟ್ಟದೇ ಆನ್ ಆಗಿತ್ತು. ಆಫ್ ಮಾಡಿ ಒಂದು ಫೋಟೋ ತೆಗೆದೆ. ಚಂದ್ರಕಾಳಿಯ ಕೆಂಪು ಕೆಂಪಾಗಿಯೇ ಬಂತು. ಅವ್ವನಿಗೆ ಕಳಿಸಿದೆ. ‘ಹಾಂ, ಇದು ಸೀರಿ’ ಅಂದಳು.

ನಿನ್ನೆ ಅಕ್ಕನ ಮಗಳ ಫೋನೂ ಇಸಿದುಕೊಂಡು ನೋಡಿದೆ. ಹತ್ತನೇ ಕ್ಲಾಸು ಅವಳು, ನನ್ನದೇ ಬಣ್ಣ. ಹೊಸ ಫೋನು, ಡಬ್ಬಿಯಿಂದ ತೆಗೆದು ಮೂರು ದಿನ ಆಗಿತ್ತು. ಅದರಲ್ಲೂ ಆನ್ ಇತ್ತು.