ಸತ್ಯಾಂಶ: ಅಂದಾಜುಗಳು ಒಂದರೊಳಗೊಂದು ತೂರಿದರೆ ತಳಿಗಳು ಸಮ ಎಂದಲ್ಲ

ಕಲಬುರಗಿಯ ತೊಗರಿ ಬೆಳೆಗಾರರ ಗುಂಪಿನಲ್ಲಿ ಸಂದೇಶವೊಂದು ಓಡಾಡುತ್ತಿದೆ: ‘ಎರಡು ತಳಿಗಳ ಇಳುವರಿಯ ವಿಶ್ವಾಸಾಂತರಗಳು ಒಂದರೊಳಗೊಂದು ತೂರಿದ್ದರೆ ಅವುಗಳಲ್ಲಿ ವ್ಯತ್ಯಾಸವಿಲ್ಲ.’ ಕೇಳಲು ಸರಿಯೆನಿಸುತ್ತದೆ, ಆದರೆ ತಪ್ಪು.

ವಿಶ್ವಾಸಾಂತರವೆಂದರೆ ನಿಜವಾದ ಸರಾಸರಿ ಎಷ್ಟರಿಂದ ಎಷ್ಟರೊಳಗೆ ಇರಬಹುದೆಂಬ ಅಂದಾಜು. ಲೆಕ್ಕಕ್ಕಾಗಿ ಹೀಗೆಂದುಕೊಳ್ಳಿ: ಬೇರೆ ಬೇರೆ ಹೊಲಗಳಲ್ಲಿ ಬಿತ್ತಿದ ಹಳೆಯ ತಳಿ ಎಕರೆಗೆ ಸರಾಸರಿ 5 ಕ್ವಿಂಟಲ್, ಹೊಸದು 5.7. ಶೇ 95ರ ಮಟ್ಟದಲ್ಲಿ ಎರಡಕ್ಕೂ 0.4 ಆಚೀಚೆ. ಅಂದರೆ 4.6ರಿಂದ 5.4, ಮತ್ತು 5.3ರಿಂದ 6.1. ತೂರಿಕೊಂಡಿವೆ, ನಿಜ.

ಆದರೆ ನಮಗೆ ಬೇಕಾದದ್ದು ವ್ಯತ್ಯಾಸದ ವಿಶ್ವಾಸಾಂತರ. ಅದಕ್ಕೆ 0.4 ಮತ್ತು 0.4 ಕೂಡಿಸಿ 0.8 ಎನ್ನುವಂತಿಲ್ಲ. ಒಂದು ಅಂದಾಜು ಪೂರ್ತಿ ಮೇಲಕ್ಕೂ ಇನ್ನೊಂದು ಪೂರ್ತಿ ಕೆಳಕ್ಕೂ ಒಟ್ಟಿಗೇ ತಪ್ಪುವುದು ಅಪರೂಪ. ಹಾಗಾಗಿ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುತ್ತಾರೆ: ಸುಮಾರು 0.57. ವ್ಯತ್ಯಾಸ 0.7 ಕ್ವಿಂಟಲ್, ಅಂದರೆ 70 ಕಿಲೋ; 57 ಕಿಲೋ ಆಚೀಚೆ ಹಿಡಿದರೆ ಅದರ ವ್ಯಾಪ್ತಿ 13ರಿಂದ 127 ಕಿಲೋ. ಸೊನ್ನೆ, ಅಂದರೆ ‘ವ್ಯತ್ಯಾಸವೇ ಇಲ್ಲ’ ಎಂಬುದು, ಅದರೊಳಗಿಲ್ಲ. ‘ಎರಡೂ ಸಮ’ ಎಂಬ ಊಹೆಯನ್ನು ಪರೀಕ್ಷಿಸಿದರೂ ಅದೇ ಉತ್ತರ: ಅವು ಸಮವಾಗಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣುವ ಸಂಭವ ನೂರಕ್ಕೆ ಸುಮಾರು ಒಂದೂವರೆ.

13 ಕಿಲೋ ಹೆಚ್ಚಿಗೆ ಬಂದರೆ ಬೀಜದ ಖರ್ಚು ಹುಟ್ಟುತ್ತದೆಯೇ? ಅದನ್ನು ರೈತನೇ ಲೆಕ್ಕ ಹಾಕಬೇಕು.

ಇನ್ನೊಂದು ಮಾತು. ಒಂದೇ ಹೊಲದಲ್ಲಿ ಎರಡೂ ತಳಿಗಳನ್ನು ಪಕ್ಕಪಕ್ಕ ಬಿತ್ತಿದ್ದರೆ ಈ ಸೂತ್ರ ಸಲ್ಲದು. ಹೊಲಹೊಲಕ್ಕೆ ವ್ಯತ್ಯಾಸ ಕಳೆದು, ಆ ವ್ಯತ್ಯಾಸಗಳ ಸರಾಸರಿಯನ್ನೇ ಪರೀಕ್ಷಿಸಬೇಕು.