ಸ್ಪಷ್ಟನೆ: 1986ರಲ್ಲಿ ಅಮೆರಿಕ ಅಧ್ಯಕ್ಷ ರೇಗನ್ ಎಲ್ಲರಿಗೂ ಪೌರತ್ವ ಹಂಚಲಿಲ್ಲ

‘ರೊನಾಲ್ಡ್ ರೇಗನ್ ಒಂದೇ ಸಹಿಯಲ್ಲಿ ಅಮೆರಿಕದ ಅಕ್ರಮ ವಲಸಿಗರಿಗೆಲ್ಲ ಪೌರತ್ವ ಕೊಟ್ಟರು, ಗಡಿಯ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ’ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ರೇಗನ್ 1986ರ ನವೆಂಬರ್ 6ರಂದು ಸಹಿ ಹಾಕಿದ್ದು ಸಂಸತ್ತು ಪಾಸು ಮಾಡಿದ ಕಾಯ್ದೆಗೆ. ಅದು ಎಲ್ಲರಿಗೂ ಅಲ್ಲ. 1982ರ ಜನವರಿ 1ಕ್ಕೂ ಮೊದಲಿನಿಂದ ಅಲ್ಲೇ ನೆಲೆಸಿದ್ದವರು ಮತ್ತು ಹೊಲದಲ್ಲಿ ದುಡಿದಿದ್ದ ಕೂಲಿಗಳು ಮಾತ್ರ ಅರ್ಜಿ ಹಾಕಬಹುದಿತ್ತು. ಮೊದಲು ಸಿಕ್ಕಿದ್ದು ತಾತ್ಕಾಲಿಕ ವಾಸದ ಅನುಮತಿ. ಆಮೇಲೆ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿ. 1982ಕ್ಕೂ ಮೊದಲಿನಿಂದ ನೆಲೆಸಿದ್ದವರಿಗೆ ಅದಕ್ಕೆ ಇಂಗ್ಲಿಷ್ ಕಲಿಕೆಯ ಷರತ್ತೂ ಇತ್ತು. ಪೌರತ್ವ ಬೇಕಿದ್ದರೆ ಮತ್ತೂ ವರ್ಷಗಟ್ಟಲೆ ಕಾಯಬೇಕಿತ್ತು. ಕೊನೆಗೆ ಗ್ರೀನ್ ಕಾರ್ಡ್ ಪಡೆದವರು ಸುಮಾರು 27 ಲಕ್ಷ ಜನ.

ಗಡಿ ಕಾವಲು ಹೆಚ್ಚಿಸುವ ಮಾತೂ ಅದೇ ಕಾಯ್ದೆಯಲ್ಲಿತ್ತು. ದಾಖಲೆ ಇಲ್ಲದವರನ್ನು ಗೊತ್ತಿದ್ದೂ ಕೆಲಸಕ್ಕೆ ಇಟ್ಟುಕೊಂಡ ಮಾಲೀಕರಿಗೆ ದಂಡ ಬಂದಿದ್ದೂ ಆಗಲೇ. ಇಂದು ನಮ್ಮ ಬೆಂಗಳೂರಿನ ಹುಡುಗ ಅಲ್ಲಿ ಕೆಲಸಕ್ಕೆ ಸೇರಿದರೆ ತುಂಬುವ, ಅಲ್ಲಿ ದುಡಿಯಲು ಅರ್ಹತೆ ಇದೆ ಎಂದು ತೋರಿಸುವ ಐ-9 ಫಾರಂ ಹುಟ್ಟಿದ್ದು ಇದರಿಂದಲೇ.

ಆದರೆ ಕಾಯ್ದೆ ಸೋತಿದ್ದೂ ಇಲ್ಲೇ, ಅದನ್ನು ಮುಚ್ಚಿಡಬಾರದು. ದಾಖಲೆ ನೋಡಲು ಅಸಲಿಯಂತೆ ಕಂಡರೆ ಸಾಕು, ಮಾಲೀಕ ಬಚಾವ್. ನಕಲಿ ಕಾಗದಗಳ ದಂಧೆ ಬೆಳೆಯಿತು. ಅಕ್ರಮ ವಲಸೆ ನಿಲ್ಲಲಿಲ್ಲ. ‘ಮೊದಲು ಗಡಿ ಭದ್ರವಾಗಲಿ, ಕ್ಷಮಾದಾನ ಆಮೇಲೆ’ ಎನ್ನುವವರು ಇವತ್ತಿಗೂ ಇದನ್ನೇ ಎತ್ತಿ ತೋರಿಸುತ್ತಾರೆ. ಆ ವಾದಕ್ಕೆ ತೂಕವಿದೆ. ಅದಕ್ಕೆ ಸುಳ್ಳಿನ ಒಗ್ಗರಣೆ ಯಾಕೆ ಬೇಕು? ದಯವಿಟ್ಟು ಆ ಮೆಸೇಜನ್ನು ಸುಮ್ನೆ ಮುಂದಕ್ಕೆ ಕಳಿಸಬೇಡಿ.